ಪ್ಯಾರಲಲ್ ಜಾಬ್ ಜಾಸ್ತಿ ಮಾಡಿದ್ರೆ ಬ್ಯಾಕಪ್ ಡಿಸ್ಕ್ ಫಾಸ್ಟ್ ಆಗುತ್ತಾ?

ಬ್ಯಾಕಪ್ಪಿಗೆ ಒಟ್ಟಿಗೆ ಓಡೋ ನಾಲ್ಕು ಕಾಪಿ ಜಾಬ್ ಸಾಲ್ತಿಲ್ಲ, ಹದಿನಾರು ಮಾಡ್ಲಾ ಅಂತ ಕೇಳಿದೀರಲ್ಲ ಗುರುಗಳೇ, ಆ ಹದಿನಾರನ್ನ ನಾನು ಮಾಡಿ ಅನುಭವಿಸಿ ಆಗಿದೆ.

ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಆಫೀಸು, ಸಿಸ್ಟಮ್ ಅಡ್ಮಿನ್ನೂ ನಾನೇ, ಪ್ರಿಂಟರ್ ರಿಪೇರಿಯವ್ನೂ ನಾನೇ. ಬ್ಯಾಕಪ್ ಸರ್ವರ್‌ಗೆ 64 ಜಿಬಿ ರ‍್ಯಾಮ್, ಆದ್ರೆ ಇರೋದು ಒಂದೇ ಹಾರ್ಡ್ ಡಿಸ್ಕ್, 7200 ಆರ್‌ಪಿಎಂದು. 16 ಆರ್‌ಸಿಂಕ್ (ಫೈಲ್ ಕಾಪಿ ಮಾಡೋ ಪ್ರೋಗ್ರಾಂ) ಒಟ್ಟಿಗೆ ಬಿಟ್ಟೆ, ಸಾಲ್ದು ಅಂತ ಲಿನಕ್ಸ್‌ನ ಡರ್ಟಿ ರೇಶಿಯೋ (ಡಿಸ್ಕಿಗೆ ಇನ್ನೂ ಬರೆಯದ ಡೇಟಾ ಮೆಮೊರಿಯಲ್ಲಿ ಶೇಕಡಾ ಎಷ್ಟು ಇರ್ಬಹುದು ಅನ್ನೋ ಮಿತಿ) 20 ಇದ್ದಿದ್ದನ್ನ 60 ಮಾಡ್ದೆ, ಬ್ಯಾಕ್‌ಗ್ರೌಂಡ್ ರೇಶಿಯೋ (ಹಿಂದೆಯಿಂದ ಡಿಸ್ಕಿಗೆ ಬರೆಯೋಕೆ ಶುರು ಮಾಡೋ ಮಟ್ಟ) 10ರಿಂದ 40. ಆರೂವರೆ ನಿಮಿಷಕ್ಕೆ 40 ಜಿಬಿ ಮುಗೀತು, ಸಾಹೇಬ್ರ ಮುಂದೆ ಬೀಗಿದ್ದೂ ಆಯ್ತು.

ಅಷ್ಟರಲ್ಲಿ ಮಳೆ, ಕರೆಂಟ್ ಹೋಯ್ತು, ಯುಪಿಎಸ್ ಹಳೇದು, ಐದು ನಿಮಿಷಕ್ಕೆ ಕೈಕೊಡ್ತು. ಬೆಳಿಗ್ಗೆ ನೋಡಿದ್ರೆ ಅಕೌಂಟ್ಸ್ ಫೋಲ್ಡರ್‌ನಲ್ಲಿ ಫೈಲ್ ಹೆಸರೆಲ್ಲ ಇದೆ, ಸೈಜು ಸೊನ್ನೆ.

ನನ್ ತಪ್ಪು ಇಷ್ಟೇ: ಕಾಪಿ ಮುಗೀತು ಅಂದ್ರೆ ಡಿಸ್ಕಿಗೆ ಹೋಯ್ತು ಅಂದ್ಕೊಂಡೆ. ಇಲ್ಲ ಸ್ವಾಮಿ, ರ‍್ಯಾಮ್‌ಗೆ ಹೋಗಿರುತ್ತೆ ಅಷ್ಟೇ, ಕರ್ನಲ್ (ಲಿನಕ್ಸಿನ ಒಳಗಿನ ಮುಖ್ಯ ಭಾಗ) ಅದನ್ನ ಡರ್ಟಿ ಪೇಜ್ ಅಂತ ಇಟ್ಕೊಂಡು ಹಿಂದೆಯಿಂದ ನಿಧಾನಕ್ಕೆ ಡಿಸ್ಕಿಗೆ ಇಳಿಸುತ್ತೆ, ನಾನು ಅಳೆದಿದ್ದು ರ‍್ಯಾಮ್ ಸ್ಪೀಡನ್ನ, ಡಿಸ್ಕಿಂದಲ್ಲ. ಆಮೇಲೆ ಅದೇ ಥರ ಓಡ್ಸಿ ಮೆಮ್‌ಇನ್ಫೋದಲ್ಲಿ (ಲಿನಕ್ಸ್ ಮೆಮೊರಿ ಲೆಕ್ಕ ತೋರಿಸೋ ಫೈಲು) ಡರ್ಟಿ ಲೈನ್ ನೋಡಿದ್ರೆ, 'ಮುಗಿದ' ಮೇಲೂ 28 ಜಿಬಿ ಬಾಕಿ! 16 ಫೈಲಿನ ಮಧ್ಯೆ ಡಿಸ್ಕಿನ ಓದೋ-ಬರೆಯೋ ಹೆಡ್ಡು ಓಡಾಡಿ ಓಡಾಡಿ ಸೆಕೆಂಡಿಗೆ 30 ಎಂಬಿ ದಾಟ್ತಿರ್ಲಿಲ್ಲ, ಅಂದ್ರೆ ಇನ್ನೂ ಕಾಲು ಗಂಟೆ ಕೆಲಸ.

ನಮ್ಮೂರು ಮಂಡ್ಯ ಕಡೆ, ಆಲೆಮನೆಗೆ ಹದಿನಾರು ಗಾಡಿ ಕಬ್ಬು ಬಂದ್ರೂ ಗಾಣ ಒಂದೇ ಅಲ್ವಾ, ಇಲ್ಲೂ ಜಾಬ್ ಎಷ್ಟಿದ್ರೂ ಡಿಸ್ಕ್ ಒಂದೇ. 2009ರ 2.6.32 ಕರ್ನಲ್‌ನಲ್ಲಿ ಎಲ್ಲ ಡಿಸ್ಕಿಗೂ ಸೇರಿ ಬರೀತಿದ್ದ ಹಳೇ ಪಿಡಿಫ್ಲಶ್ ತೆಗ್ದು ಡಿಸ್ಕಿಗೊಂದು ಫ್ಲಶರ್ ಥ್ರೆಡ್ (ಬಾಕಿ ಡೇಟಾನ ಡಿಸ್ಕಿಗೆ ಇಳಿಸೋ ಕೆಲಸಗಾರ) ಕೊಟ್ರು, ಹಾರ್ಡ್ ಡಿಸ್ಕಿಗೆ ಅದು ಸಾಕು. ಎನ್‌ವಿಎಂಇ (ಹೆಡ್ಡೇ ಇಲ್ಲದ ತುಂಬಾ ಫಾಸ್ಟ್ ಎಸ್‌ಎಸ್‌ಡಿ) ಆದ್ರೆ ಕಥೆ ಬೇರೆ, ಅಲ್ಲಿ ಆ ಒಂದು ಥ್ರೆಡ್ಡೇ ಸುಸ್ತಾಗಿ ಡಿಸ್ಕ್ ಖಾಲಿ ಕೂತಿರ್ಬಹುದು, ಹಲವು ಫ್ಲಶರ್ ಬೇಕು ಅನ್ನೋದ್ರಲ್ಲಿ ಅರ್ಥ ಇದೆ, ಆದ್ರೂ ಒಂದು ಫೈಲು ಒಂದೇ ಥ್ರೆಡ್ ಕೈಲಿ ಇರ್ಬೇಕು, ಇಲ್ಲಾಂದ್ರೆ ಚೂರುಚೂರಾಗಿ ಡಿಸ್ಕ್ ತುಂಬಾ ಚೆಲ್ಲುತ್ತೆ.

ಹಾಗಾಗಿ 'ಎಷ್ಟು ಜಾಬ್' ಅನ್ನೋ ಪ್ರಶ್ನೆನೇ ಬಿಡಿ, ಎಷ್ಟು ಬಾಕಿ ಉಳಿಯೋಕೆ ಬಿಡ್ತೀರ ಅದನ್ನ ನೋಡಿ. ರೇಶಿಯೋ ಬೇಡ, ಅದೇ ಮಿತಿನ ಶೇಕಡಾ ಬದಲು ಬೈಟಲ್ಲಿ ಹೇಳೋ ಡರ್ಟಿ ಬೈಟ್ಸ್ ಹಾಕಿ. ನಾನು 512 ಎಂಬಿ ಇಟ್ಟಿದೀನಿ, ಬ್ಯಾಕ್‌ಗ್ರೌಂಡ್ 128, ಜಾಬ್ ಎರಡೇ, ಕೊನೇಲಿ ಬಾಕಿಯೆಲ್ಲ ಡಿಸ್ಕಿಗೆ ಬರೆಸೋ ಸಿಂಕ್ ಕಮಾಂಡ್. ಅದೇ 40 ಜಿಬಿಗೆ ಸಿಂಕೂ ಸೇರಿ ಎಂಟು ನಿಮಿಷ ಚಿಲ್ರೆ.