ಕೆರೆ ಉಳಿಸೋ ಪಿಟಿಷನ್‌ಗೆ 6 ಸಾವಿರ ಸಹಿ ಬಂದಿದೆ, 25 ಸಾವಿರ ಮಾಡಿ ಸಿಎಂಗೆ ಮತ್ತೆ ಕಂಪನಿಗೆ ಕಳಿಸ್ಬೇಕು, ಹೇಗೆ?

ಆರು ಸಾವಿರಕ್ಕೇ ನಿಲ್ಲಿಸಿಬಿಡಿ. ತಮಾಷೆಗೆ ಹೇಳ್ತಿಲ್ಲ. ಫ್ಯಾಕ್ಟರಿ ನೀರು ಕೆರೆಗೆ ಬರ್ತಿದೆ, ಆನ್‌ಲೈನ್ ಪಿಟಿಷನ್ ಹಾಕಿದೀವಿ, ಸಹಿ ಜಾಸ್ತಿ ಆಗ್ಬೇಕು ಅಂತ ನೀವು ಬರೆದಿದ್ದು ಓದಿ ನನ್ನ ಹಳೇ ಫೋನಲ್ಲಿರೋ ವಾಟ್ಸಾಪ್ ಗ್ರೂಪ್ ತೆಗೆದು ಓದ್ದಂಗಾಯ್ತು. ನಮ್ದು ಕೆರೆ ಅಲ್ಲ, ಮರ.

ನಮ್ಮೂರು ಒಂದು ಜಿಲ್ಲಾ ಕೇಂದ್ರ, ಹೆಸರು ಬೇಡ. ಸ್ಟೇಷನ್ ರೋಡ್ ಅಗಲ ಮಾಡ್ತಾರಂತೆ, ಎರಡೂ ಕಡೆ ಇರೋ ಇನ್ನೂರ ಚಿಲ್ರೆ ಮರ ಹೋಗ್ತವಂತೆ ಅಂತ ಸುದ್ದಿ ಬಂತು. ಮಳೆಮರ, ಹೊಂಗೆ, ಎರಡು ಭಾರಿ ಗೋಣಿ ಮರ. ನಾವು ಏಳೆಂಟು ಜನ ಹುಡುಗ್ರು ಅವತ್ತು ರಾತ್ರಿನೇ ಪಿಟಿಷನ್ ಹಾಕಿದ್ವಿ. ಫೋಟೋ ಚೆನ್ನಾಗಿತ್ತು, ಬೆಳಿಗ್ಗೆ ಬಿಸಿಲು ಎಲೆ ಮಧ್ಯೆ ಇಳೀತಿರೋದು, ಅದಕ್ಕೇ ಅರ್ಧ ಸಹಿ ಬಿತ್ತು ಅನ್ಸುತ್ತೆ. ಅಮೆರಿಕದಲ್ಲಿರೋ ನಮ್ಮೂರಿನವ್ರು, ಊರೇ ಬಿಟ್ಟು ಇಪ್ಪತ್ತು ವರ್ಷ ಆದೋರು, ಎಲ್ರೂ ಸಹಿ ಹಾಕಿದ್ರು. ಆ ಮಳೆಮರದ ಕೆಳಗೆ ಎಳನೀರು ಮಾರ್ತಿದ್ದ ಯಜಮಾನ್ರು ತಮ್ಮ ನಂಬರ್ರಿಂದ ಒಂದು, ಹೆಂಡ್ತಿ ನಂಬರ್ರಿಂದ ಒಂದು, ಸಾಲದು ಅಂತ ಗಿರಾಕಿ ಫೋನ್ ಇಸ್ಕೊಂಡು ಇನ್ನೊಂದು ಹಾಕಿದ್ರು. ಒಂದೊಂದು ಸಹಿಗೂ ಮುಖ್ಯಮಂತ್ರಿ ಕಚೇರಿಗೆ ಇಮೇಲ್ ಹೋಗೋ ಥರ ಸೆಟ್ ಮಾಡಿದ್ವಿ. ದೊಡ್ಡ ಹೆಸರು ಇದ್ರೆ ಸಹಿ ಬೇಗ ಬೀಳುತ್ತೆ ಅಂತ, ಅಷ್ಟೇ ಯೋಚನೆ.

ಒಂದು ವಾರಕ್ಕೆ ಹತ್ತು ಸಾವಿರ ದಾಟ್ತು. ಆ ಸಂಜೆ ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯಲ್ಲಿ ಎಲ್ರೂ ಬಾದಾಮಿ ಹಾಲು ಕುಡಿದು ಸೆಲ್ಫಿ ತಗೊಂಡ್ವಿ. ತಾರೀಕು ನೆನಪಿದೆ, ಹನ್ನೊಂದು. ಯಾಕೆ ನೆನಪಿದೆ ಅಂತ ಹೇಳ್ತೀನಿ, ಇಡೀ ಕತೆ ಇರೋದೇ ಅದರಲ್ಲಿ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ, 1976ರದ್ದು. ಅದರ ಪ್ರಕಾರ ಮರ ಕಡಿಯೋಕೆ ಪರ್ಮಿಷನ್ ಕೊಡೋನು ಸಿಎಂ ಅಲ್ಲ, ಎಂಎಲ್‌ಎ ಅಲ್ಲ, ಡಿಸಿನೂ ಅಲ್ಲ. ವೃಕ್ಷ ಅಧಿಕಾರಿ ಅಂತ ಇರ್ತಾರೆ, ನಮ್ಮಲ್ಲಿ ಅರಣ್ಯ ಇಲಾಖೆಯ ಒಬ್ಬ ಸಾಹೇಬ್ರು. ರಸ್ತೆ ಅಗಲೀಕರಣದಂಥ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಕಡಿಯೋದಿದ್ರೆ ಅವ್ರು ಪ್ರಕಟಣೆ ಕೊಟ್ಟು ಸಾರ್ವಜನಿಕರಿಂದ ಆಕ್ಷೇಪಣೆ ಕರೀಬೇಕು, ಟೈಮು 10 ದಿನ. ಇದು ನಮಗೆ ಗೊತ್ತಿರ್ಲಿಲ್ಲ. ಹತ್ತು ಸಾವಿರ ಜನ ಸಹಿ ಹಾಕಿದಾರಲ್ಲ, ಅದರಲ್ಲಿ ವಕೀಲರೂ ಇದ್ರು, ಯಾರೂ ಹೇಳ್ಲಿಲ್ಲ.

ಪ್ರಕಟಣೆ ಬಂದಿದ್ದು ಆ ತಿಂಗಳು ಒಂದನೇ ತಾರೀಕು. ನಮ್ಮನೆಗೆ ಬರೋ ಪೇಪರಲ್ಲೇ! ಆಮೇಲೆ ರದ್ದಿ ಕಟ್ಟು ಬಿಚ್ಚಿ ಹುಡುಕಿದೆ. ಒಂಬತ್ತನೇ ಪುಟ, ಟೆಂಡರ್ ಪ್ರಕಟಣೆಗಳ ಮಧ್ಯೆ ಬೆಂಕಿಪೊಟ್ಟಣದಷ್ಟು ಜಾಗ, ಅದರ ಪಕ್ಕದಲ್ಲೇ ಪದಬಂಧ, ಪದಬಂಧ ಪೂರ್ತಿ ತುಂಬಿತ್ತು, ಅಪ್ಪನ ಅಕ್ಷರ. ಅಪ್ಪನ ಪೆನ್ನಿಗೂ ಆ ಪ್ರಕಟಣೆಗೂ ಎರಡು ಬೆರಳು ದೂರ ಇರ್ಲಿಲ್ಲ. ಕೊನೇ ದಿನಾಂಕ ಹನ್ನೊಂದು, ಸಂಜೆ ಐದೂವರೆ. ನಾವು ಬಾದಾಮಿ ಹಾಲು ಕುಡೀತಿದ್ದಾಗ ಅಲ್ಲಿ ಫೈಲ್ ಕಟ್ತಿದ್ರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೋರ್ ಆದ್ರೂ ಓದಿ. ನೀವು ಮಾಡೋಕೆ ಹೊರಟಿರೋದೂ ಇದೇ ತಪ್ಪು. ಸಹಿ ಬೇರೆ, ಆಕ್ಷೇಪಣೆ ಬೇರೆ. ಆಕ್ಷೇಪಣೆ ಅಂದ್ರೆ ತೀರ್ಮಾನ ಮಾಡೋ ಅಧಿಕಾರಿ ಹೆಸರಿಗೆ, ಪ್ರಕಟಣೆ ನಂಬರ್ ಹಾಕಿ, ನಿಮ್ಮ ವಿಳಾಸ ಬರೆದು, ಇಂಥ ಕಾರಣಕ್ಕೆ ನನ್ನ ವಿರೋಧ ಇದೆ ಅಂತ ಅವಧಿ ಒಳಗೆ ಟಪಾಲಲ್ಲಿ ಕೊಟ್ಟು, ಇನ್ನೊಂದು ಕಾಪಿ ಮೇಲೆ ಸೀಲು, ಇನ್‌ವರ್ಡ್ ನಂಬರು ಹಾಕಿಸ್ಕೊಂಡು ಬರೋ ಕಾಗದ. ಅಂಥದ್ದು ಒಂದು ಬಂದ್ರೂ ಅವ್ರು ಫೈಲಲ್ಲಿ ಅದಕ್ಕೆ ಉತ್ತರ ಬರೀಬೇಕು. ಬರೀದಿದ್ರೆ ನಾಳೆ ಕೋರ್ಟಲ್ಲಿ ಆ ಆದೇಶ ಅಲ್ಲಾಡುತ್ತೆ. ಪಿಟಿಷನ್ ವೆಬ್‌ಸೈಟಲ್ಲಿರೋ ನಂಬರ್‌ಗೆ ಯಾರೂ ಉತ್ತರ ಬರೀಬೇಕಾಗಿಲ್ಲ.

ನಾವು ಕೊಟ್ಟೇ ಇರ್ಲಿಲ್ಲ ಅಂತಲ್ಲ. ನಾನೂರು ಪುಟ ಪ್ರಿಂಟ್ ತೆಗ್ಸಿ, ಕೆಂಪು ದಾರ ಕಟ್ಟಿ, ಡಿಸಿ ಆಫೀಸಿಗೆ ಹೋಗಿ ಕೊಟ್ವಿ, ಪೇಪರಲ್ಲಿ ಫೋಟೋನೂ ಬಂತು. ಆ ಕಟ್ಟು ಏನಾಯ್ತು ಅಂತ ಆಮೇಲೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ ತಿಳ್ಕೊಂಡೆ. ಡಿಸಿ ಆಫೀಸಿಂದ 'ಸೂಕ್ತ ಕ್ರಮಕ್ಕಾಗಿ' ಅಂತ ಷರಾ ಬರೆದು ಕಳಿಸಿದ್ದು ಯಾರಿಗೆ? ಮರ ಕಡಿಯೋಕೆ ಅರ್ಜಿ ಹಾಕಿದ್ರಲ್ಲ, ಅದೇ ಸಂಸ್ಥೆಗೆ! ಅವ್ರು 'ಮಾಹಿತಿಗಾಗಿ' ಅಂತ ತಮ್ಮ ಎಂಜಿನಿಯರ್‌ಗೆ ಕಳಿಸಿದ್ರು. ಅಲ್ಲಿಂದ ಅರಣ್ಯ ಇಲಾಖೆಗೆ ಒಂದು ಪ್ರತಿ ಹೋಗೋ ಹೊತ್ತಿಗೆ ಆದೇಶ ಆಗಿ ಹತ್ತೊಂಬತ್ತು ದಿನ ಆಗಿತ್ತು.

ಆದೇಶ ಬಂದಿದೆ ಅಂತ ಗೊತ್ತಾಗಿ ನಾನೇ ವೃಕ್ಷ ಅಧಿಕಾರಿ ಆಫೀಸಿಗೆ ಹೋಗಿದ್ದೆ. ಕೇಸ್ ವರ್ಕರ್ ಒಬ್ರು, ಒಳ್ಳೇವ್ರೇ, ಫೈಲ್ ತಿರುಗಿಸಿ ತೋರ್ಸಿದ್ರು. ಬಂದಿದ್ದ ಆಕ್ಷೇಪಣೆ ಒಟ್ಟು ಮೂರು. ಅದರಲ್ಲಿ ಒಂದು, ನಮ್ಮ ಕಾಂಪೌಂಡ್ ಮೇಲೆ ಕೊಂಬೆ ಬೀಳ್ತಿದೆ ಬೇಗ ಕಡೀರಿ ಅಂತ. ನಾನು ಫೋನಲ್ಲಿ ಪಿಟಿಷನ್ ತೆಗೆದು ತೋರ್ಸಿ ಸಾರ್ ಹನ್ನೊಂದು ಸಾವಿರ ಜನ ವಿರೋಧ ಮಾಡಿದಾರಲ್ಲ ಅಂದೆ. ಅವ್ರು ಕನ್ನಡಕ ಮೇಲೆ ಮಾಡ್ಕೊಂಡು ನೋಡಿ "ಹೌದು, ಆದ್ರೆ ಫೈಲಲ್ಲಿ ಇಲ್ವಲ್ಲಪ್ಪ" ಅಂದ್ರು.

ಮುಂದಿನ ಭಾನುವಾರ ಬೆಳಗಿನ ಜಾವ ಗರಗಸ ಶುರು ಆಯ್ತು. ಅದರ ಬಗ್ಗೆ ಬರೆಯಲ್ಲ.

ನೀವು ಅನ್ಬೋದು, ಬೆಂಗಳೂರಲ್ಲಿ ಸ್ಟೀಲ್ ಫ್ಲೈಓವರ್ ಜನ ಬೀದಿಗೆ ಇಳಿದಿದ್ದಕ್ಕೇ ನಿಂತಿತಲ್ಲ ಅಂತ. ನಿಂತಿತು, ಸರಿ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 800ಕ್ಕೂ ಜಾಸ್ತಿ ಮರ ಹೋಗೋದಿತ್ತು, 2016ರ ಅಕ್ಟೋಬರ್ 16ಕ್ಕೆ ಸಾವಿರಾರು ಜನ ಮಾನವ ಸರಪಳಿ ಮಾಡಿದ್ರು, 2017ರ ಮಾರ್ಚ್‌ನಲ್ಲಿ ಸರ್ಕಾರನೇ ಕೈಬಿಡ್ತು. ಆದ್ರೆ ಮಧ್ಯದಲ್ಲಿ ಹಸಿರು ನ್ಯಾಯಮಂಡಳಿಯಿಂದ ತಡೆ ತಂದಿದ್ದನ್ನ ಯಾರೂ ಸ್ಟೇಟಸ್ ಹಾಕ್ಕೊಳ್ಳಲ್ಲ. ಇನ್ನೊಂದು ವಿಷಯ ಗೊತ್ತಾ, ಅದಕ್ಕೂ ಮುಂಚೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಜನಾಭಿಪ್ರಾಯ ಕೇಳಿದಾಗ ಬಂದಿದ್ದು ಮುನ್ನೂರರ ಹತ್ರ ಇಮೇಲ್, ಅದನ್ನೇ ಹಿಡ್ಕೊಂಡು ಬಹುತೇಕ ಜನ ಪರವಾಗಿದಾರೆ ಅಂತ ಹೇಳಿದ್ರು. ಅಷ್ಟು ದೊಡ್ಡ ಊರಲ್ಲಿ ಮುನ್ನೂರು! ಕೇಳಿದಾಗ ಬರೀದೆ, ಆಮೇಲೆ ಬಿಸಿಲಲ್ಲಿ ನಿಂತಿದ್ದು.

ಹಿಂದಿನ ಕಾಲದ್ದು ಬೇಕಾ, ಹಾವೇರಿ ಕಡೆಯ ಕುಸನೂರು ತಗೊಳ್ಳಿ. ಸರ್ಕಾರ ಮತ್ತೆ ಹರಿಹರದ ಪಾಲಿಫೈಬರ್ಸ್ ಫ್ಯಾಕ್ಟರಿ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿ, ಊರೊಟ್ಟಿನ ಜಮೀನು ಸುಮಾರು 30 ಸಾವಿರ ಹೆಕ್ಟೇರಲ್ಲಿ ನೀಲಗಿರಿ ಬೆಳೆಸೋಕೆ ಹೊರಟಿದ್ರು. 1987ರ ನವೆಂಬರ್ 14ಕ್ಕೆ ಜನ ಹೋಗಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ಎಲ್ರಿಗೂ ನೆನಪಿರೋದು ಕಿತ್ತಿದ್ದು. ಆದ್ರೆ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆಯವ್ರು, ಶಿವರಾಮ ಕಾರಂತರು ಅದಕ್ಕೂ ಮುಂಚೆನೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ರು. ಕಾಗದನೂ ನಡೀತಿತ್ತು, ಗುದ್ದಲಿನೂ ನಡೀತಿತ್ತು, 1991ಕ್ಕೆ ಆ ಕಂಪನಿನೇ ಮುಚ್ತು.

ಆನ್‌ಲೈನ್ ಮಾಡಿದ್ದೆಲ್ಲ ವೇಸ್ಟ್ ಅಂತಲೂ ನಾನು ಹೇಳಲ್ಲ. 2020ರಲ್ಲಿ ಇಐಎ, ಅಂದ್ರೆ ಪರಿಸರ ಪರಿಣಾಮ ಅಂದಾಜಿನ ಹೊಸ ನಿಯಮದ ಕರಡು ಬಂದಾಗ ಲಕ್ಷಗಟ್ಟಲೆ ಇಮೇಲ್ ಹೋದ್ವಲ್ಲ, ಅವು ಲೆಕ್ಕಕ್ಕೆ ಬಂದಿದ್ದು ಯಾಕಂದ್ರೆ ಸರ್ಕಾರನೇ ಆಕ್ಷೇಪಣೆ ಕರೆದಿತ್ತು, ಗಡುವು ಇತ್ತು, ಆ ಗಡುವನ್ನೂ ದೆಹಲಿ ಹೈಕೋರ್ಟಿಗೆ ಹೋಗಿ ಆಗಸ್ಟ್ 11ರವರೆಗೆ ಎಳೆಸಿದ್ರು.

ಈಗ ನಿಮ್ಮ ಕೆರೆ. ಸಿಎಂಗೆ ಕಳಿಸಿದ್ರೆ ನಿಮ್ಮ ಕಾಗದನೂ 'ಸೂಕ್ತ ಕ್ರಮಕ್ಕಾಗಿ' ಇಳ್ಕೊಂಡು ಇಳ್ಕೊಂಡು ಬರುತ್ತೆ, ಆರು ತಿಂಗಳು. ಕಂಪನಿ ಸಿಇಒಗೆ ಕಳಿಸಿದ್ರೆ ಇನ್ನೂ ಚೆಂದ, ಪರಿಸರ ದಿನಕ್ಕೆ ಕರೆದು ನಿಮ್ ಕೈಲೇ ಒಂದು ಗಿಡ ನೆಡಿಸಿ, ಟೋಪಿ ಕೊಟ್ಟು ಕಳಿಸ್ತಾರೆ. ಎರಡೂ ಬೇಡ. ಫ್ಯಾಕ್ಟರಿ ನೀರು ಹೊರಗೆ ಬಿಡ್ಬೇಕಂದ್ರೆ 1974ರ ಜಲ ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಸಮ್ಮತಿ ತಗೊಂಡಿರ್ಬೇಕು, ಆಫೀಸಲ್ಲಿ ಸಿಎಫ್‌ಒ (ಕನ್ಸೆಂಟ್ ಫಾರ್ ಆಪರೇಷನ್) ಅಂತಾರೆ. ಎಷ್ಟು ನೀರು, ಸಂಸ್ಕರಣೆ ಆದ್ಮೇಲೆ ಹೇಗಿರ್ಬೇಕು, ಎಲ್ಲಿಗೆ ಬಿಡ್ಬೇಕು ಅಂತ ಷರತ್ತು ಅದರಲ್ಲೇ ಇರುತ್ತೆ, ಮತ್ತೆ ಅದಕ್ಕೆ ವಾಯಿದೆ ಇರುತ್ತೆ. ಆ ಷರತ್ತುಗಳ ರಿಜಿಸ್ಟರ್ ಸಂಬಂಧಪಟ್ಟ ಯಾರು ಬೇಕಾದ್ರೂ ನೋಡ್ಬೋದು ಅಂತ ಕಾಯ್ದೆಯ 25(6)ರಲ್ಲಿ ಬರೆದಿದೆ. ನಿಮ್ಮ ಪಿಟಿಷನ್‌ನಲ್ಲಿ 'ವಿಷ', 'ಕೊಲೆ' ಅಂತೆಲ್ಲ ಇದೆ, ಈ ಷರತ್ತು ಒಂದೂ ಇಲ್ಲ. ಷರತ್ತು ನಂಬರ್ ಇಷ್ಟು ಮುರಿದಿದಾರೆ ಅಂತ ಬರೆದ್ರೆ ಅದು ದೂರು. ಹಾಗೆ ದೂರು ಬಂದು ನಿಜ ಅಂತಾದ್ರೆ ಅದೇ ಕಾಯ್ದೆಯ 33ಎ ಅಡಿ ಫ್ಯಾಕ್ಟರಿಗೆ ಕರೆಂಟ್ ನಿಲ್ಸಿ ಅನ್ನೋವರೆಗೂ ಮಂಡಳಿಗೆ ಅಧಿಕಾರ ಇದೆ, ಸಿಇಒ ಆಮೇಲೆ ತಾವೇ ಫೋನ್ ಮಾಡ್ತಾರೆ.

ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕೊಟ್ಟಿದೀವಿ ಅಂತ ಕೆಳಗೆ ಬರೆದಿದೀರ. ನಿಮ್ಮ ಸಮಾಧಾನಕ್ಕೆ ಸರಿ. ಆದ್ರೆ ಕೋರ್ಟಲ್ಲಿ ಫ್ಯಾಕ್ಟರಿ ವಿರುದ್ಧ ನಿಲ್ಲೋದು ಮಂಡಳಿಯವ್ರು ಬಂದು, ಫ್ಯಾಕ್ಟರಿಯವ್ರಿಗೆ ನೋಟಿಸ್ ಕೊಟ್ಟು, ಸೀಲ್ ಮಾಡಿ ತಗೊಂಡ ಸ್ಯಾಂಪಲ್. ಅದನ್ನ ತೆಗೆಸಿ ಅಂತ ಲಿಖಿತವಾಗಿ ಕೇಳಿ. ಕೆರೆಯಲ್ಲಿ ನೊರೆ ಯಾವ ದಿನ, ಎಷ್ಟು ಗಂಟೆಗೆ ಜಾಸ್ತಿ ಬರುತ್ತೆ ಅಂತ ಹದಿನೈದು ದಿನ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಇಲ್ಲಾಂದ್ರೆ ಅವ್ರು ಮಧ್ಯಾಹ್ನ ಹನ್ನೆರಡಕ್ಕೆ ಬಂದು ತಿಳಿನೀರು ತುಂಬ್ಕೊಂಡು ಹೋಗ್ತಾರೆ. ಕಂಪನಿ ಷೇರು ಮಾರ್ಕೆಟಲ್ಲಿ ಟಾಪ್ 1000 ಒಳಗಿದ್ರೆ ಅವ್ರ ವಾರ್ಷಿಕ ವರದಿಯಲ್ಲಿ ಬಿಆರ್‌ಎಸ್‌ಆರ್ ಅಂತ ಭಾಗ ಇರುತ್ತೆ, ಪರಿಸರ, ಸಮಾಜದ ಹೊಣೆ ಬಗ್ಗೆ ಕಂಪನಿ ಕೊಡೋ ವರದಿ, 2022-23ರಿಂದ ಕಡ್ಡಾಯ, ನೀರಿನ ಲೆಕ್ಕ ಅದರಲ್ಲಿ ಬರುತ್ತೆ, ಅದನ್ನೂ ನೋಡಿ.

ಆರು ಸಾವಿರ ಸಹಿ ಬಿಸಾಕ್ಬೇಡಿ. ಅದರಲ್ಲಿ ಕೆರೆ ಸುತ್ತ ಇರೋವ್ರು ಎಷ್ಟು ಅಂತ ಹುಡುಕಿ, ನೂರು ಸಿಕ್ರೂ ಸಾಕು. ನಮ್ಮೂರಲ್ಲಿ ಎರಡು ವರ್ಷ ಬಿಟ್ಟು ಅದೇ ರೋಡಿನ ಮುಂದಿನ ತುಂಡಿಗೆ 84 ಮರದ ಪ್ರಕಟಣೆ ಬಂತು, ಈ ಸಲ ಪೇಪರ್ ಓದೋ ಕೆಲಸ ಅಪ್ಪಂದೇ, ಪದಬಂಧಕ್ಕಿಂತ ಮುಂಚೆ ಟೆಂಡರ್ ಪುಟ. ಪಿಟಿಷನ್ ಹಾಕ್ಲಿಲ್ಲ. 163 ಜನ ತಮ್ಮ ತಮ್ಮ ಮಾತಲ್ಲಿ ಬರೆದು ಕೊಟ್ರು, ಎಳನೀರು ಯಜಮಾನ್ರು ಮೊಮ್ಮಗಳ ಕೈಲಿ ಬರೆಸಿದ್ರು, ನನ್ನ ವ್ಯಾಪಾರ ಹಳೇ ಜಾಗದಲ್ಲಿ ಅರ್ಧ ಆಗಿದೆ ಇಲ್ಲೂ ಕಡಿದ್ರೆ ಎಲ್ಲಿ ಕೂರಲಿ ಅಂತ. ಸಾಹೇಬ್ರು ಸ್ಥಳ ತನಿಖೆಗೆ ಬರ್ಲೇಬೇಕಾಯ್ತು. 84ರಲ್ಲಿ 37 ಹೋದ್ವು, ಉಳಿದಿದ್ದು ಇದಾವೆ. ಪೂರ್ತಿ ಗೆದ್ವಿ ಅಂತ ಹೇಳಲ್ಲ.

ನೀವು ಮೊದ್ಲು ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಿ, ಬೆಳಿಗ್ಗೆನೇ ಹೋಗಿ, ಮಧ್ಯಾಹ್ನದ ಮೇಲೆ ಸೀಲ್ ಇರೋ ಡ್ರಾಯರ್ ಕೀ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿರಲ್ಲ. ಎರಡು ಕಾಪಿ ಇರ್ಲಿ. ಸಿಎಫ್‌ಒ ವಾಯಿದೆ ಯಾವತ್ತು ಮುಗಿಯುತ್ತೆ ನೋಡ್ಕೊಂಡು ಬಂದು ಕಾಮೆಂಟಲ್ಲಿ ಹಾಕಿ, ದೂರು ಬರೆಯೋಕೆ ನಾನು ಕೂತ್ಕೋತೀನಿ.