ಆಪ್ತಸಲಹೆ ಪ್ರಕರಣ: ಸೋಮವಾರದ ತೂಕ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮಂಡ್ಯ ಸೀಮೆಯ ಹಳ್ಳಿಯೊಂದರ 26ರ ತಾಯಿ. ಬಿ.ಪಿ. ಏರಿ 30 ವಾರಕ್ಕೇ ಸಿಸೇರಿಯನ್; ಹೆಣ್ಣುಮಗು, 1,220 ಗ್ರಾಂ. 44 ದಿನ ನವಜಾತ ಶಿಶು ಘಟಕದಲ್ಲಿದ್ದು ಮನೆಗೆ ಬಂದಿದೆ. ಈಗ ಹನ್ನೆರಡು ವಾರ. ಮಗು ಚೆನ್ನಾಗಿಯೇ ಇತ್ತು. ನಿದ್ದೆ ಕೆಟ್ಟಿದ್ದು ತಾಯಿಗೆ.

ಮಗುವಿನ ಬೆಳವಣಿಗೆ ಬರೆದಿಡಲು 200 ಪುಟದ ನೋಟ್‌ಬುಕ್ ತಂದಿಟ್ಟುಕೊಂಡಿದ್ದರು. ದಿನಕ್ಕೆ ಮೂರು ಸಲ ತೂಕ, ಪಕ್ಕದಲ್ಲೇ ಓರಗಿತ್ತಿಯ ಮಗುವಿನ ಲೆಕ್ಕ. ಒಂದು ಪುಟ ಹೀಗಿತ್ತು: "ಬೆಳಿಗ್ಗೆ 2,640. ಮಧ್ಯಾಹ್ನ 2,690. ಸಂಜೆ 2,630. ಅರವತ್ತು ಇಳಿದಿದೆ." ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ: "ಏಳನೇ ತಿಂಗಳಲ್ಲಿ ಬಸ್ಸು ಹತ್ತಿದ್ದೇ ತಪ್ಪು."

ಆ ಅರವತ್ತು ಗ್ರಾಂ ಇಳಿದದ್ದೇ ಅಲ್ಲ. ಒಳಲೆಯಲ್ಲಿ 50 ಎಂಎಲ್ ಕುಡಿಸಿ ತೂಗಿದರೆ ಹಾಲೂ ತಕ್ಕಡಿಗೆ ಬರುತ್ತದೆ, ಒದ್ದೆ ಬಟ್ಟೆಯೂ ಬರುತ್ತದೆ. ಈ ವಯಸ್ಸಿನಲ್ಲಿ ದಿನಕ್ಕೆ ಏರುವುದೇ 20–30 ಗ್ರಾಂ. ಅದು ಈ ಗದ್ದಲದಲ್ಲಿ ಕಾಣುವುದಿಲ್ಲ. ಸೋಮವಾರ ಬೆಳಿಗ್ಗೆ, ಹಾಲು ಕುಡಿಸುವ ಮೊದಲು, ಬಟ್ಟೆ ಬಿಚ್ಚಿ, ಅದೇ ತಕ್ಕಡಿಯಲ್ಲಿ ಒಂದೇ ಸಲ ತೂಗಿ ಎಂದೆವು. ವಾರಕ್ಕೆ 150–200 ಗ್ರಾಂ ಏರಿದ್ದರೆ ಸಾಕು. "ಕೂಸ್ನ ದಿನಾ ತೂಗ್ಬಾರ್ದು ಕಣವ್ವಾ, ದೃಷ್ಟಿ ಆಯ್ತದೆ" ಎಂದು ಅತ್ತೆ ಮೊದಲಿಂದ ಹೇಳುತ್ತಿದ್ದರಂತೆ. ಕಾರಣ ಬೇರೆ, ಮಾತು ಸರಿ.

ಓರಗಿತ್ತಿಯ ಮಗುವಿನ ಕಾಲಂಗೆ ಗೀಟು ಹಾಕಿಸಿದೆವು. 40 ವಾರಕ್ಕೆ ಹುಟ್ಟಬೇಕಿದ್ದ ಈ ಮಗು ಹತ್ತು ವಾರ ಮುಂಚೆ ಬಂದಿದೆ. ಹನ್ನೆರಡರಲ್ಲಿ ಹತ್ತು ಕಳೆದರೆ ಇದರ ಬೆಳವಣಿಗೆಯ ವಯಸ್ಸು ಎರಡೇ ವಾರ. ಮುಖ ನೋಡಿ ನಗುವುದನ್ನು ಹುಟ್ಟಿದ ಲೆಕ್ಕದಲ್ಲಿ 16–18 ವಾರಕ್ಕೆ ಕಾಯಬೇಕು. ಎರಡು ವರ್ಷದವರೆಗೆ ಹೀಗೇ ಕಳೆದು ನೋಡುವುದು. ಲಸಿಕೆಗೆ ಮಾತ್ರ ಕಳೆಯಬಾರದು, ಅದು ಹುಟ್ಟಿದ ದಿನದಿಂದಲೇ. ಇಲ್ಲಿ ಎಡವುವವರು ಬಹಳ.

ನೋಟ್‌ಬುಕ್ ಬಿಡಿಸಲಿಲ್ಲ. ಎಡಪುಟ ಡಾಕ್ಟರಿಗೆ: ವಾರದ ತೂಕ, ಕಬ್ಬಿಣದ ಹನಿ ಶುರುವಾದ ದಿನ (ಮಲ ಕಪ್ಪಾದರೆ ಗಾಬರಿ ಬೇಡ), ಕಣ್ಣಿನ ರೆಟಿನಾ ತಪಾಸಣೆಯ ಮುಂದಿನ ತಾರೀಖು. ಬಲಪುಟ ಮಗುವಿಗೆ: ಕಂಡದ್ದು ಒಂದೇ ಸಾಲು. ಫೋಟೋ ವಾರಕ್ಕೊಂದು, ಪಕ್ಕದಲ್ಲಿ ಅದೇ ಒಳಲೆ ಇಟ್ಟು; ಮಗು ಬೆಳೆದದ್ದು ತಾನೇ ಕಾಣುತ್ತದೆ. ಆಸ್ಪತ್ರೆ ಚೀಟಿ, ಹೆಸರು ಕಾಣುವ ಫೋಟೋ ಸ್ಟೇಟಸ್‌ಗೆ ಹಾಕುವುದು ಬೇಡ ಎಂದು ಗಂಡನಿಗೆ ಹೇಳಿದೆವು. ಮಗು ಹಾಲು ಬಿಟ್ಟರೆ, ಸುಮ್ಮನಿದ್ದಾಗಲೂ ಉಸಿರು ನಿಮಿಷಕ್ಕೆ 60 ದಾಟಿದರೆ, ಎದೆ ಒಳಕ್ಕೆ ಸೆಳೆದರೆ, ಮೈ ತಣ್ಣಗಾದರೆ ಬರೆಯುತ್ತಾ ಕೂರದೆ ಆಸ್ಪತ್ರೆಗೆ.

ಬಸ್ಸಿನ ಮಾತಿಗೆ ಸಮಾಧಾನ ಹೇಳಿ ಫಲವಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿದ್ದ ಬಿ.ಪಿ. ಸಾಲನ್ನು ಅವರ ಕೈಯಿಂದಲೇ ಮೊದಲ ಪುಟಕ್ಕೆ ಇಳಿಸಿಸಿದೆವು. ಬಾಣಂತಿಯರ ಖಿನ್ನತೆ ಅಳೆಯುವ ಎಡಿನ್‌ಬರೊ ಪ್ರಶ್ನಾವಳಿಯಲ್ಲಿ 14 ಅಂಕ ಬಂತು. ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆಗೆ ಸೊನ್ನೆ. ಆದರೂ ಹದಿಮೂರು ದಾಟಿದ್ದರಿಂದ ಮನೋವೈದ್ಯರಿಗೆ ಕಳಿಸಿದೆವು. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರೆದುಕೊಟ್ಟೆವು.

ಮೂರನೇ ಭೇಟಿಗೆ ನಾಲ್ಕು ಸೋಮವಾರ ತುಂಬಿದ್ದವು. ಬಲಪುಟದಲ್ಲಿ: "ಅತ್ತೆ ಎದೆ ಮೇಲೆ ಒಂದೂವರೆ ಗಂಟೆ ಮಲಗಿತು. ನಾನೂ ಮಲಗಿದೆ." ಎಡಪುಟದಲ್ಲಿ ಕಿವಿ ಪರೀಕ್ಷೆಯ ಸಾಲು ಖಾಲಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಚೀಟಿ ಬರೆದುಕೊಟ್ಟಿದೆ.