ಗ್ಯಾಸ್ ಬಿಟ್ಟರೆ ಗಾಳಿ ಹೋಗದು

ಪ್ರಶ್ನೆ: ಮನೆ ಬದಲಿಸಿದಾಗ ಒಂದೂವರೆ ಟನ್ನಿನ, ಆರ್-32 ಎಂಬ ತಂಪುಗೊಳಿಸುವ ಗ್ಯಾಸಿನ ಸ್ಪ್ಲಿಟ್ ಎಸಿ ಕಳಚಿ ಹೊಸ ಮನೆಗೆ ಹಾಕಿಸಿದೆವು. ಮೆಕ್ಯಾನಿಕ್ ಪೈಪ್ ಜೋಡಿಸಿ, ವಾಲ್ವ್ ತುಸು ತೆರೆದು, ಸುಂಯ್ ಎಂದು ಸ್ವಲ್ಪ ಗ್ಯಾಸ್ ಹೊರಬಿಟ್ಟು ‘ಗಾಳಿ ಹೋತ್ರೀ’ ಅಂದ. ಈಗ ರಾತ್ರಿ ಚೆನ್ನಾಗಿ ತಂಪಾಗುತ್ತದೆ, ಮಧ್ಯಾಹ್ನ ಔಟ್‌ಡೋರ್ ಪದೇಪದೇ ನಿಲ್ಲುತ್ತದೆ. ಗ್ಯಾಸ್ ಕಡಿಮೆ ಎಂದು ಮತ್ತೆ ತುಂಬಿಸಿದರೂ ಅದೇ ಪಾಡು. — ಓದುಗರು, ಸಿಂಧನೂರು

ಉತ್ತರ: ಇನ್ನೊಮ್ಮೆ ಗ್ಯಾಸ್ ತುಂಬಿಸಬೇಡಿ. ಮೊದಲು ಔಟ್‌ಡೋರ್ ಜಾಲರಿ ನೋಡಿ. ನಿಮ್ಮ ಊರಲ್ಲಿ ರೈಸ್ ಮಿಲ್ಲಿನ ಹೊಟ್ಟು, ಧೂಳು ಕೂತು ಅದು ಮುಚ್ಚಿಹೋಗಿದ್ದರೂ ಇದೇ ತೊಂದರೆ. ಜಾಲರಿ ಸ್ವಚ್ಛವಿದ್ದರೆ ನನ್ನ ಅನುಮಾನ ಪೈಪಿನೊಳಗೆ ಉಳಿದ ಗಾಳಿಯ ಮೇಲೆ.

ಔಟ್‌ಡೋರ್‌ನಲ್ಲಿ ಗ್ಯಾಸ್ ಶಾಖ ಬಿಟ್ಟು ದ್ರವವಾಗಬೇಕು. ಗಾಳಿ ಅಲ್ಲಿ ದ್ರವವಾಗುವುದಿಲ್ಲ. ಕಾಯಿಲ್‌ನಲ್ಲಿ ಜಾಗ ಹಿಡಿದು ಕೂತು ಒತ್ತಡ ಏರಿಸುತ್ತದೆ. ಆಗ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆಯುತ್ತದೆ. ರಾತ್ರಿ ಹೇಗೋ ನಡೆದೀತು. ನಮ್ಮ ರಾಯಚೂರು ಸೀಮೆಯ ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ ಇರುವಾಗ, ಒತ್ತಡ ಮಿತಿ ಮೀರಿ ಟ್ರಿಪ್ ಆಗುತ್ತದೆ. ಗಾಳಿಯ ಜೊತೆ ತೇವವೂ ಒಳಗೆ ಹೋಗಿರುತ್ತದೆ. ಅದು ಕಂಪ್ರೆಸರ್ ಆಯಿಲ್‌ಗೆ ಸೇರಿ ಆಮ್ಲವಾಗಿ ಮೋಟಾರಿನ ವೈಂಡಿಂಗನ್ನು ಮೆಲ್ಲಗೆ ತಿನ್ನುತ್ತದೆ. ನನಗೆ ಹೆಚ್ಚು ಚಿಂತೆ ಇದರದೇ, ಯಾಕೆಂದರೆ ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಕಂಪ್ರೆಸರನ್ನೇ ಬದಲಿಸಬೇಕಾಗುತ್ತದೆ.

ಅನುಮಾನ ಪರೀಕ್ಷಿಸಲು ದಾರಿಯಿದೆ. ರಾತ್ರಿಯಿಡೀ ಎಸಿ ಆಫ್ ಮಾಡಿ, ಕಿಟಕಿ ತೆರೆದಿಡಿ. ಬಿಸಿಲು ಬೀಳುವ ಮುಂಚೆ, ಒಳಗೂ ಹೊರಗೂ ಒಂದೇ ಉಷ್ಣತೆ ಇರುವಾಗ, ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜ್ ಹಾಕಲಿ. 30 ಡಿಗ್ರಿಯಲ್ಲಿ ಶುದ್ಧ ಆರ್-32 ಸುಮಾರು 265 ಪಿಎಸ್‌ಐ (ಒತ್ತಡದ ಅಳತೆ) ತೋರಿಸಬೇಕು. ಮುಳ್ಳು ಅದಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಒಳಗೆ ಗಾಳಿಯಿದೆ. ಗ್ಯಾಸ್ ಜಾಸ್ತಿ ತುಂಬಿದ್ದರೆ ನಿಂತ ಯಂತ್ರದ ಈ ಅಂಕಿ ಏರುವುದಿಲ್ಲ, ಒಳಗೆ ದ್ರವವೂ ಆವಿಯೂ ಕೂಡಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮಾತ್ರ. ಅದಕ್ಕೇ ಈ ಪರೀಕ್ಷೆಯನ್ನು ನಾನು ನಂಬುತ್ತೇನೆ.

ಗಾಳಿ ಇದೆ ಎಂದಾದರೆ ಮತ್ತೆ ಸುಂಯ್ ಅನಿಸಿ ಪ್ರಯೋಜನವಿಲ್ಲ. ಬೆರೆತ ಗಾಳಿಯನ್ನು ಹಾಗೆ ಬೇರ್ಪಡಿಸಲಾಗದು. ಇರುವ ಗ್ಯಾಸನ್ನೆಲ್ಲ ರಿಕವರಿ ಸಿಲಿಂಡರಿಗೆ ತೆಗೆಯಬೇಕು. ಆರ್-32 ಬೆಂಕಿ ಹಿಡಿಯುವ ಗ್ಯಾಸ್, ಕೋಣೆಯೊಳಗೆ ಬಿಡಲೇಬಾರದು. ನೈಟ್ರೋಜನ್ ಹಾಕಿ ಲೀಕ್ ನೋಡಬೇಕು, ಆಕ್ಸಿಜನ್ ಸಿಲಿಂಡರ್ ಹತ್ತಿರಕ್ಕೂ ತರಬಾರದು. ಆಮೇಲೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್. ಗೇಜಿನ ಮುಳ್ಳು ಕೆಳಗೆ ಬಂದ ಕೂಡಲೇ ಪಂಪ್ ನಿಲ್ಲಿಸುವವರು ಬಹಳ. ಆ ಮುಳ್ಳಿಗೆ ಅಷ್ಟು ಸೂಕ್ಷ್ಮ ಗೊತ್ತಾಗದು, ತೀರಾ ಕಡಿಮೆ ಒತ್ತಡವನ್ನೂ ಅಳೆಯುವ ಮೈಕ್ರಾನ್ ಮೀಟರ್ ಬೇಕು. ಹೊರಗಿನ ವಾತಾವರಣದ ಒತ್ತಡ 7,60,000 ಮೈಕ್ರಾನ್, ನಾವು ಇಳಿಯಬೇಕಾದದ್ದು 500ರ ಕೆಳಗೆ. ಪಂಪ್ ಬಂದ್ ಮಾಡಿ ಕಾಯಿರಿ. ಅಂಕಿ ತುಸು ಏರಿ ನಿಂತರೆ ತೇವ ಉಳಿದಿದೆ, ಏರುತ್ತಲೇ ಹೋದರೆ ಲೀಕ್ ಇದೆ. ಕೊನೆಗೆ ಔಟ್‌ಡೋರ್ ಸ್ಟಿಕ್ಕರಿನ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿಸಿ.

ಪ್ರಶ್ನೆ: ಎಸಿ ಕಳಚುವಾಗ ಗ್ಯಾಸನ್ನು ಔಟ್‌ಡೋರ್‌ಗೇ ಎಳೆದುಕೊಳ್ಳುವ ಪಂಪ್ ಡೌನ್ ಸುರಕ್ಷಿತವೇ? — ಓದುಗರು, ಗಂಗಾವತಿ

ಉತ್ತರ: ಕ್ರಮ ತಪ್ಪದಿದ್ದರೆ ಸುರಕ್ಷಿತ. ಎರಡೂ ವಾಲ್ವ್ ಮುಚ್ಚಿ, ಕಂಪ್ರೆಸರ್ ನಿಲ್ಲಿಸಿ, ಮೇನ್ ಸ್ವಿಚ್ ತೆಗೆದ ಮೇಲಷ್ಟೇ ಪೈಪಿನ ನಟ್ ಮುಟ್ಟಬೇಕು. ಓಡುತ್ತಿರುವಾಗಲೇ ಸಡಿಲಿಸಿದರೆ ಕಂಪ್ರೆಸರ್ ಗಾಳಿ ಎಳೆದುಕೊಳ್ಳುತ್ತದೆ. ಆಯಿಲ್ ಜೊತೆ ಬೆರೆತ ಆ ಗಾಳಿ ಒತ್ತಡಕ್ಕೆ ಕಾದು ಹೊತ್ತಿಕೊಂಡು ಕಂಪ್ರೆಸರ್ ಸಿಡಿದ ಅವಘಡಗಳು ನಡೆದಿವೆ. ಲೀಕ್ ಇರುವ ಎಸಿಗೆ ಪಂಪ್ ಡೌನ್ ಬೇಡವೇ ಬೇಡ. ಕೆಲಸ ನಡೆಯುವಾಗ ಮಕ್ಕಳನ್ನು ಟೆರೇಸಿಗೆ ಬಿಡಬೇಡಿ.